ತಗಡಿನ ಮೇಲಿದ್ದ ಊರಿನ ಹೆಸರು

ಭದ್ರಾವತಿಯ ಶೆಡ್ಡೊಂದರಲ್ಲಿ ನಿಂತಿದ್ದ ಫಾರ್ಗೋ ಪಿಕಪ್ಪಿನ ಆರ್‌ಸಿ ಪುಸ್ತಕ ಎಂದೋ ಕಳೆದುಹೋಗಿತ್ತು. "ಅಮೆರಿಕದಿಂದ ಹಡಗಲ್ಲಿ ಬಂದಿದ್ದು ಸಾರ್, ನಮ್ಮಜ್ಜ ಹೇಳ್ತಿದ್ರು" ಎಂದರು ಮಾಲೀಕರು. ಡ್ಯಾಶ್‌ಬೋರ್ಡು, ಸೀಟು ಎಲ್ಲವನ್ನೂ ಮೊದಲಿದ್ದಂತೆ ಮಾಡಿಸುವ ಆಸೆ ಅವರದು. ಆದರೆ ಮೊದಲು ಹೇಗಿತ್ತು?

ಕಾಗದವಿಲ್ಲದಾಗ ಗಾಡಿಯೇ ದಾಖಲೆ. ಸೀಟಿನ ರೆಕ್ಸಿನ್ ಹರಿದಲ್ಲಿ ತೆಂಗಿನ ನಾರು ಇಣುಕುತ್ತಿತ್ತು. ವೈರುಗಳಿಗೆ ನೂಲಿನ ಹೊದಿಕೆ. ಸ್ಪೀಡೋಮೀಟರಿನ ಅಂಕಿಗಳು ಮೈಲಿಯಲ್ಲಿ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಮೀಟರಿನ ಹಿಂದಿನ ಬಲ್ಬು 6 ವೋಲ್ಟಿನದು. ಅಮೆರಿಕದಲ್ಲಿ, ಫಾರ್ಗೋ ಸೇರಿದ್ದ ಕ್ರೈಸ್ಲರ್ ಬಳಗದ ಲಾರಿಗಳು 12 ವೋಲ್ಟಿಗೆ ಹೊರಳಿದ್ದೂ 1956ರ ಹೊತ್ತಿಗೇ. ಆದರೆ ನಮ್ಮಲ್ಲಿ ಹಳೆಯ ಮಾದರಿಯನ್ನೇ ಇನ್ನಷ್ಟು ಕಾಲ ಜೋಡಿಸಿರಬಹುದು. ಬಲ್ಬನ್ನು ನಂಬಿ ಇಸವಿ ಬರೆಯಲು ಮನಸ್ಸಾಗಲಿಲ್ಲ.

ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಪುಟ್ಟದೊಂದು ತಗಡು, ಅದರ ಮೇಲೆ ಪದರ ಪದರ ಪೇಂಟು. ಥಿನ್ನರ್ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ. ಒಂದೊಂದೇ ಅಕ್ಷರ ಎದ್ದುಬಂತು: ಪ್ರೀಮಿಯರ್ ಆಟೊಮೊಬೈಲ್ಸ್, ಬಾಂಬೆ.

ಅಲ್ಲಿಂದ ಹುಡುಕಾಟ ಶೆಡ್ಡು ಬಿಟ್ಟು ಪುಸ್ತಕಗಳಿಗೆ ಹೋಯಿತು. ವಾಲ್‌ಚಂದ್ ಹಿರಾಚಂದ್ 1944ರಲ್ಲಿ ಕಟ್ಟಿದ ಈ ಕಂಪನಿ ಕುರ್ಲಾದಲ್ಲಿ ಕ್ರೈಸ್ಲರ್ ಬಳಗದ ಗಾಡಿಗಳನ್ನು ಜೋಡಿಸುತ್ತಿತ್ತು. ಅದರ ಹಿಂದಿನ ಕಥೆಗೆ 1951ರಲ್ಲಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರ ಆತ್ಮಕಥೆಯನ್ನು ತೆರೆಯಬೇಕು. ಮೋಟಾರು ಕಾರ್ಖಾನೆಯ ಯೋಜನೆಗಾಗಿ 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಬಂದಿದ್ದರು. ಆ ಯೋಜನೆಯನ್ನು ಕೈಗೆತ್ತಿಕೊಂಡವರು ವಾಲ್‌ಚಂದ್. ಕಾರ್ಖಾನೆ ಬೆಂಗಳೂರಿಗೆ ಬರುವ ಮಾತೂ ನಡೆಯಿತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಬೆನ್ನಿಗೆ ನಿಂತರು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರಲ್ಲಿ ಅದೇ ವಾಲ್‌ಚಂದ್ ಮೈಸೂರು ಸರ್ಕಾರದೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮೋಟಾರು ಬಾಂಬೆಯ ಪಾಲಾಯಿತು.

ಆ ಪುಟ ಓದುವಾಗ ನನ್ನ ಕೈ ನಡುಗಿತು. ಏಕೆಂದರೆ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದದ್ದು ಇದೇ ಭದ್ರಾವತಿಯಲ್ಲಿ. ಈ ಪಿಕಪ್ಪು ನಿಂತಿದ್ದ ಊರಲ್ಲಿ.

ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ ಮಾಡುವವರು ಹೊಸ ಕಿಲೋಮೀಟರ್ ಮೀಟರು ಕೂರಿಸೋಣವೆಂದರು. ಬೇಡವೆಂದೆವು. ಸೀಟಿಗೆ ಫೋಮಿನ ಬದಲು ಮತ್ತೆ ನಾರನ್ನೇ ತುಂಬಿಸಿದೆವು.

"ಹಂಗಾದ್ರೆ ಅಜ್ಜ ಹೇಳಿದ್ದು ಸುಳ್ಳಾ ಸಾರ್?" ಮಾಲೀಕರ ಮುಖ ಸಣ್ಣದಾಗಿತ್ತು.

"ಇಲ್ಲ. ಆಗಿನ ಕಾಲಕ್ಕೆ ಬಿಡಿಭಾಗಗಳು ಹಡಗಲ್ಲೇ ಬರ್ತಿದ್ವು. ಗಾಡಿ ಆಗಿದ್ದು ಮಾತ್ರ ಕುರ್ಲಾದಲ್ಲಿ."

ತಗಡಿಗೆ ಅವರು ಪೇಂಟು ಹೊಡೆಸಲಿಲ್ಲ.