ಅಂಗಡಿ ಬಾಡಿಗೆ ಜಗಳ: ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯಲ್ಲಿ ಯಾವ ಬಾಗಿಲು ತಟ್ಟಬೇಕು?

ಬನಹಟ್ಟಿಯಲ್ಲಿ ಅಕ್ಕಪಕ್ಕ ಎರಡು ಸೀರೆ ಅಂಗಡಿ ಇವೆ ಅಂದುಕೊಳ್ಳಿ. ಗೋಡೆ ಸೇರಿಸಿ ಅಳೆದರೆ ಒಂದು 10x14 ಅಡಿ, ಇನ್ನೊಂದು 10x16. ಇಬ್ಬರಿಗೂ ಮಾಲೀಕರು ಒಂದೇ ದಿನ 'ಖಾಲಿ ಮಾಡ್ರಿ' ಅಂದರೆ, ಇಬ್ಬರಿಗೂ ಒಂದೇ ಕಾನೂನು ಅನ್ವಯ ಆಗಲಿಕ್ಕಿಲ್ಲ. ಕಾರಣ ಆ ಎರಡು ಅಡಿ.

ಬಾಡಿಗೆಗೇ ಅಂತ ನ್ಯಾಯಮಂಡಳಿ ಇದೆಯಾ?
ಇಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಅಂಥ ವ್ಯವಸ್ಥೆ ಇದೆ, ಅಂಗಡಿಗಳೂ ಅದರೊಳಗೆ ಬರುತ್ತವೆ. ಕರ್ನಾಟಕ ಅದನ್ನು ಜಾರಿಗೆ ತಂದಿಲ್ಲ. ಇಲ್ಲಿ ನಡೆಯುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ.

ಅಂಗಡಿ 14 ಚದರ ಮೀಟರ್ ಒಳಗಿದ್ದರೆ?
ಅಂದರೆ ಸುಮಾರು 150 ಚದರ ಅಡಿ. ಬಾಡಿಗೆ ಕಾಯ್ದೆ ಅನ್ವಯಿಸಿದರೆ, ಅದರಲ್ಲಿ ಹೇಳಿದ ಕಾರಣಗಳಿಗೆ ಮಾತ್ರ ಬಿಡಿಸಬಹುದು. ಆದರೆ ಬಾಡಿಗೆ ಮೊತ್ತದ ಮಿತಿ ಮತ್ತು ಇತರ ವಿನಾಯಿತಿಗಳಿವೆ. ಮೊದಲು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ.

ಅದಕ್ಕಿಂತ ದೊಡ್ಡದಿದ್ದರೆ?
1882ರ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯ. ತಿಂಗಳ ಬಾಡಿಗೆಯ ಕರಾರಾದರೆ 15 ದಿನದ ನೋಟಿಸ್ ಸಾಕು, ಕಾರಣ ಕೊಡಬೇಕಿಲ್ಲ. ಖಾಲಿ ಮಾಡದಿದ್ದರೆ ಮಾಲೀಕರು ಸಿವಿಲ್ ಕೋರ್ಟಿಗೆ ಹೋಗಬೇಕು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ನಾಲ್ಕೂ ಕಡೆ ಸಿವಿಲ್ ಕೋರ್ಟುಗಳಿವೆ. ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತಿದ್ದರೆ ಕೋರ್ಟಿನ ಬದಲು ಅಲ್ಲಿಗೆ ಹೋಗಬೇಕಾಗಬಹುದು. ಇಂಥ ವ್ಯಾಜ್ಯವನ್ನು ಮಧ್ಯಸ್ಥಗಾರರು ತೀರ್ಮಾನಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ವಿದ್ಯಾ ಡ್ರೋಲಿಯಾ ತೀರ್ಪಿನಲ್ಲಿ ಹೇಳಿದೆ. ಬಾಡಿಗೆ ಕಾಯ್ದೆಯಡಿ ಬರುವ ಪ್ರಕರಣಕ್ಕೆ ಇದು ಅನ್ವಯಿಸದು.

ಮಾಲೀಕ ನಗರಸಭೆಯೋ ವಕ್ಫೋ ಆಗಿದ್ದರೆ?
- *ನಗರಸಭೆ, ಪಟ್ಟಣ ಪಂಚಾಯಿತಿ ಮಳಿಗೆ:* 1974ರ ಕರ್ನಾಟಕ ಸಾರ್ವಜನಿಕ ಆವರಣ ಕಾಯ್ದೆಯಡಿ ಸಕ್ಷಮ ಅಧಿಕಾರಿಯೇ ತೆರವು ಆದೇಶ ಕೊಡಬಹುದು. ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರ ಮುಂದೆ. ಶೋಕಾಸ್ ನೋಟಿಸ್ ಬಂದರೆ ಉತ್ತರ ಕೊಡದೆ ಬಿಡಬೇಡಿ.
- *ವಕ್ಫ್ ಮಳಿಗೆ:* ಇಲ್ಲಿ ಮಾತ್ರ ನಿಜಕ್ಕೂ ನ್ಯಾಯಮಂಡಳಿ ಇದೆ. ಬಾಡಿಗೆದಾರರನ್ನು ಬಿಡಿಸುವ ದಾವೆ ಸಿವಿಲ್ ಕೋರ್ಟಿಗೆ ಸೇರಿದ್ದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತ್ತು. 2013ರ ತಿದ್ದುಪಡಿ ಅದನ್ನು ವಕ್ಫ್ ನ್ಯಾಯಮಂಡಳಿಗೆ ಒಪ್ಪಿಸಿತು.

ರಾತ್ರೋರಾತ್ರಿ ಬೀಗ ಜಡಿದರೆ?
ಖಾಸಗಿ ಮಾಲೀಕರು ಹಾಗೆ ಮಾಡುವಂತಿಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು.

ಈಗಲೇ ಏನು ಮಾಡಬೇಕು?
ಅಂಗಡಿ ಅಳೆಯಿರಿ. ಬಾಡಿಗೆಗೆ ರಸೀದಿ ತಗೊಳ್ಳಿ, ಇಲ್ಲವೇ ಬ್ಯಾಂಕ್ ಮೂಲಕ ಕಟ್ಟಿ. ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಲೇಬೇಕು. 11 ತಿಂಗಳ ಕರಾರು ಇಷ್ಟು ಜನಪ್ರಿಯ ಆಗಿರುವುದು ಅದಕ್ಕೇ. ಆದರೆ ಹನ್ನೆರಡನೇ ತಿಂಗಳು ನಿಮ್ಮ ಕೈಯಲ್ಲಿ ಏನಿರುತ್ತದೆ ಅಂತ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. 160 ಚದರ ಅಡಿಯ ಅಂಗಡಿಯವರು ಶ್ರೀಮಂತರೇನಲ್ಲ. ಆದರೂ ಕಾನೂನು ಅವರನ್ನು ಮಾಲೀಕರ ಸರಿಸಮಾನ ಎಂದೇ ನೋಡುತ್ತದೆ. ಅವರಿಗಿರುವ ರಕ್ಷಣೆ ಕರಾರಿನಲ್ಲಿ ಬರೆಸಿಕೊಂಡಷ್ಟೇ.