ಚಿನ್ನದ ನಾಣ್ಯ, ಹೆಂಚಿನ ಚೂರು: ಸೋವಿಯತ್ ಆನಿಮೇಷನ್ ಚಿತ್ರಗಳ ರಾಜಕಾರಣ

ಪ್ರಾಣಿಗಳ ಬಾಯಲ್ಲಿ ರಾಜನೀತಿಯನ್ನು ಹೇಳಿಸುವುದು ಕನ್ನಡ ಸಾಹಿತ್ಯಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ರಚಿಸಿದ ‘ಕರ್ಣಾಟಕ ಪಂಚತಂತ್ರ’ದಲ್ಲಿ ಸಿಂಹ, ಎತ್ತು, ನರಿಗಳು ಆಡುವುದೆಲ್ಲ ಅರಮನೆಯ ಮಾತೇ. ಪಂಚತಂತ್ರದ ಚೌಕಟ್ಟಿನಲ್ಲಿ ಕಥೆ ಕೇಳುವವರು ರಾಜಕುಮಾರರು. ನಾಳೆ ಆಳಬೇಕಾದವರಿಗೆ ಆಳುವ ಬಗೆಯನ್ನು ಕಲಿಸುವುದು ಅದರ ಉದ್ದೇಶ. ಇಪ್ಪತ್ತನೆಯ ಶತಮಾನದ ಸೋವಿಯತ್ ಒಕ್ಕೂಟವು ಇದೇ ಉಪಕರಣವನ್ನು ತಿರುಗುಮುರುಗಾಗಿ ಹಿಡಿಯಿತು. ಅಲ್ಲಿ ಕಥೆಯ ಕೇಳುಗರು ಪ್ರಜೆಗಳು, ಅದರಲ್ಲಿಯೂ ಪ್ರಜೆಗಳ ಮಕ್ಕಳು. ಓಲೆಯ ಬದಲು ಚಲಿಸುವ ಚಿತ್ರ ಬಂದಿತು.

1919ರ ಆಗಸ್ಟ್ 27ರಂದು ಲೆನಿನ್ ಸಹಿ ಮಾಡಿದ ಆಜ್ಞೆಯಿಂದ ಚಲನಚಿತ್ರೋದ್ಯಮವು ಸರ್ಕಾರದ ವಶವಾಯಿತು. ಐದು ವರ್ಷಗಳ ಅನಂತರ, 1924ರಲ್ಲಿ, ಜೀಗಾ ವೆರ್ತೊವ್ ‘ಸೋವಿಯತ್ ಆಟಿಕೆಗಳು’ ಎಂಬ ಕಿರುಚಿತ್ರವನ್ನು ರೂಪಿಸಿದನು. ಅದರಲ್ಲಿ ಹೊಟ್ಟೆಬಾಕ ಬಂಡವಾಳಿಗನಿದ್ದಾನೆ, ಪಾದ್ರಿಗಳಿದ್ದಾರೆ, ಅವರನ್ನು ಮಣಿಸಲು ಒಂದಾಗುವ ಕಾರ್ಮಿಕ ಮತ್ತು ರೈತರಿದ್ದಾರೆ. ಕೊನೆಯಲ್ಲಿ ಕೆಂಪು ಸೇನೆಯ ಯೋಧರು ಒಬ್ಬರ ಮೇಲೊಬ್ಬರು ನಿಂತು ಮರವಾಗುತ್ತಾರೆ. ಶತ್ರುಗಳು ಆ ಮರಕ್ಕೆ ಹಬ್ಬದ ಅಲಂಕಾರದ ಗೊಂಬೆಗಳಂತೆ ನೇತುಬೀಳುತ್ತಾರೆ. ಅದೇ ದಶಕದ ಹಲವು ಚಿತ್ರಗಳು ಕೀಲುಕೈಕಾಲುಗಳ ಕಾಗದದ ಆಕೃತಿಗಳನ್ನು ಜರುಗಿಸಿ ತಯಾರಾದಂಥವು. ತೊಗಲುಗೊಂಬೆಯಾಟವನ್ನು ಬಲ್ಲ ಕನ್ನಡಿಗನಿಗೆ ಅವುಗಳ ಚಲನೆ ಅಪರಿಚಿತವೆನಿಸದು. ಆದರೆ ನಮ್ಮ ಕಿಳ್ಳೇಕ್ಯಾತನಿಗೆ ಇರುವ ತುಂಟ ಸ್ವಾತಂತ್ರ್ಯ ಈ ಆಕೃತಿಗಳಿಗೆ ಇರಲಿಲ್ಲ. ಭಿತ್ತಿಚಿತ್ರವೊಂದು ಎದ್ದು ನಡೆದಂತೆ ಕಾಣುತ್ತವೆಯೇ ಹೊರತು ಕಥೆ ಅವುಗಳಲ್ಲಿ ಬೇರೂರಿಲ್ಲ.

1936ರ ಜೂನ್‌ನಲ್ಲಿ ಮಾಸ್ಕೋದಲ್ಲಿ ಸ್ಥಾಪನೆಯಾಗಿ, ಮರುವರ್ಷ ‘ಸೋಯುಜ್‌ಮುಲ್ತ್‌ಫಿಲ್ಮ್’ ಎಂಬ ಹೆಸರು ಪಡೆದ ಸರ್ಕಾರಿ ಸ್ಟುಡಿಯೋದಿಂದ ಈ ಕಲೆಗೆ ಸ್ಥಿರವಾದ ನೆಲೆ ಒದಗಿತು. ಯುದ್ಧಕಾಲದಲ್ಲಿ ಹಿಟ್ಲರನನ್ನು ಗೇಲಿಮಾಡುವ ತುಣುಕುಗಳು ಬಂದವು. ಅವುಗಳ ಆಯುಷ್ಯ ಆ ದಿನದ ಪತ್ರಿಕೆಯಷ್ಟೇ.

ಭಾರತೀಯ ಓದುಗನು ನಿಂತು ನೋಡಬೇಕಾದ ಚಿತ್ರ 1954ರದು: ಲೆವ್ ಅತಮಾನೊವ್ ನಿರ್ದೇಶಿಸಿದ ‘ಚಿನ್ನದ ಜಿಂಕೆ’. ಇದಕ್ಕೆ ಆಧಾರ ಭಾರತದ ಜನಪದ ಕಥೆಗಳು. ಗೊರಸನ್ನು ನೆಲಕ್ಕೆ ಬಡಿದರೆ ಚಿನ್ನದ ನಾಣ್ಯ ಉದುರಿಸುವ ಜಿಂಕೆಯೊಂದನ್ನು ಅನಾಥ ಬಾಲಕನೊಬ್ಬ ರಾಜನ ಬೇಟೆಯಿಂದ ಉಳಿಸುತ್ತಾನೆ. ರಾಜನಿಗೆ ಆ ಜಿಂಕೆ ಬೇಕು. ಅದು ಸಿಕ್ಕಿದಾಗ ನಿಬಂಧನೆ ಒಂದೇ: ‘ಸಾಕು’ ಎಂದರೆ ಚಿನ್ನವೆಲ್ಲ ಹೆಂಚಿನ ಚೂರಾಗುವುದು. ಸಾಕೆನ್ನುವ ಪ್ರಸಂಗ ತನಗೆಲ್ಲಿ ಬಂದೀತು ಎಂದು ರಾಜ ನಗುತ್ತಾನೆ. ನಾಣ್ಯದ ರಾಶಿ ಕತ್ತಿನವರೆಗೆ ಏರಿ ಉಸಿರು ಕಟ್ಟಿದಾಗ ಆ ಮಾತು ಅವನ ಬಾಯಿಂದಲೇ ಹೊರಡುತ್ತದೆ.

ಮಾಯಾಮೃಗವನ್ನು ಬಲ್ಲ ನಾಡಿನವರಿಗೆ ಚಿನ್ನದ ಜಿಂಕೆಯೆಂದರೆ ಮೋಸ. ಇಲ್ಲಿ ಜಿಂಕೆ ನಿಜ, ಅದರ ಮೇಲಿನ ಆಸೆ ಮಾತ್ರ ಮೋಸ. ಸಿದ್ಧಾಂತದ ಒಂದು ಶಬ್ದವೂ ಕೇಳಿಬರದ ಈ ಚಿತ್ರದಲ್ಲಿ ರಾಜನು ಶೋಷಕ, ಬಾಲಕನು ಬಡಜನತೆ ಎಂಬ ಅರ್ಥ ತಾನಾಗಿ ಮೂಡುತ್ತದೆ. ಪ್ರಚಾರವಾಗಿ ನೋಡಿದರೂ ವೆರ್ತೊವನ ಗೊಂಬೆಮರಕ್ಕಿಂತ ಇದು ಬಹುಪಾಲು ಸಮರ್ಥ. ಕಾಲವೂ ಅದಕ್ಕೆ ಒದಗಿಬಂದಿತ್ತು. 1955ರ ಜೂನ್‌ನಲ್ಲಿ ನೆಹರೂ ಸೋವಿಯತ್ ಪ್ರವಾಸ ಕೈಗೊಂಡರು. ಅದೇ ವರ್ಷದ ನವೆಂಬರಿನಲ್ಲಿ ಭಾರತಕ್ಕೆ ಬಂದ ಬುಲ್ಗಾನಿನ್ ಮತ್ತು ಕ್ರುಶ್ಚೇವ್ ಬೆಂಗಳೂರನ್ನೂ ಕಂಡುಹೋದರು. ರಾಜನನ್ನು ಕಳೆದುಕೊಂಡು ಸಂತಸಗೊಂಡ ಭಾರತವೊಂದು ಸೋವಿಯತ್ ಮಕ್ಕಳ ಕಣ್ಣೆದುರು ಆಗಲೇ ಸಿದ್ಧವಾಗಿತ್ತು. 1965ರ ‘ರಿಕ್ಕಿ-ಟಿಕ್ಕಿ-ಟಾವಿ’ ಇನ್ನೊಂದು ನಿದರ್ಶನ. ಕಿಪ್ಲಿಂಗನ ಮೂಲದಲ್ಲಿ ಮುಂಗುಸಿ ಕಾಯುವುದು ಇಂಗ್ಲಿಷ್ ಕುಟುಂಬವನ್ನು. ನಿರ್ದೇಶಕಿ ಅಲೆಕ್ಸಾಂದ್ರಾ ಸ್ನೆಝ್ಕೊ-ಬ್ಲೋತ್ಸ್ಕಾಯಾ ಆ ಮನೆಯಲ್ಲಿ ಭಾರತೀಯ ಕುಟುಂಬವನ್ನು ಇರಿಸಿದಳು. ಹಾವು ಮುಂಗುಸಿಗಳನ್ನು ಹಾಗೆಯೇ ಬಿಟ್ಟು ಮನೆಯ ಒಡೆಯರನ್ನಷ್ಟೇ ಬದಲಿಸಿದ ಈ ಕ್ರಮ ಪಾಠಾಂತರದ ವಿದ್ಯಾರ್ಥಿಗಳಿಗೆ ಅಭ್ಯಾಸಯೋಗ್ಯ.

ಸಂಕೇತದಿಂದ ಮಾತಾಡುವುದನ್ನು ಕಲಿಸಿದ ಮೇಲೆ, ಆ ಸಂಕೇತವನ್ನು ಯಾರತ್ತ ತಿರುಗಿಸಬೇಕೆಂಬುದನ್ನು ಕಲಿಸಿದವನೇ ನಿರ್ಧರಿಸಲಾಗದು. 1968ರಲ್ಲಿ ಆಂದ್ರೇ ಖ್ರ್‌ಝನೋವ್ಸ್ಕಿ ನಿರ್ದೇಶಿಸಿದ ‘ಗಾಜಿನ ಹಾರ್ಮೋನಿಕಾ’ದಲ್ಲಿಯೂ ಚಿನ್ನದ ನಾಣ್ಯವಿದೆ. ಕರಿಯ ಟೋಪಿಯ ಅಧಿಕಾರಿಯೊಬ್ಬ ಅದನ್ನು ತೋರಿಸುತ್ತ ಊರನ್ನು ಆಳುತ್ತಾನೆ. ಗಾಜಿನ ವಾದ್ಯವನ್ನು ನುಡಿಸಿ ಜನರ ಮನಸ್ಸನ್ನು ಮೇಲಕ್ಕೆತ್ತುವ ಕಲಾವಿದನನ್ನು ಹಿಡಿದೊಯ್ಯಲಾಗುತ್ತದೆ. ಆಸೆಬುರುಕ ಜನರು ಪ್ರಾಣಿಮುಖದ ವಿಕಾರ ಜೀವಿಗಳಾಗುತ್ತಾರೆ. ಮಾತಿಲ್ಲದ ಆ ಚಿತ್ರಕ್ಕೆ ಆಲ್ಫ್ರೆದ್ ಶ್ನಿಟ್ಕೆಯ ಸಂಗೀತವಿದೆ. ಐರೋಪ್ಯ ವರ್ಣಚಿತ್ರಗಳಿಂದ ಎದ್ದುಬಂದಂಥ ಮುಖಗಳಿವೆ. ಇದು ಬಂಡವಾಳಶಾಹಿ ಸಮಾಜದ ಚಿತ್ರಣವೆಂದು ಸಾರುವ ಪೀಠಿಕೆಯೂ ಅದರ ಆರಂಭಕ್ಕೆ ಸೇರಿತು. ಅರ್ಥವನ್ನು ಹೀಗೆ ಮುಂಚಿತವಾಗಿ ಕಟ್ಟಿಹಾಕಬೇಕಾಗಿ ಬಂದದ್ದೇ ಅದು ಕಟ್ಟಿಗೆ ಸಿಗುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಅಧಿಕಾರದ ಕುರಿತು ಮರೆಮಾತಿನಲ್ಲಿ ನುಡಿಯುವ ಪರಂಪರೆ ಎಲ್ಲೆಡೆಯೂ ಉಂಟು. ಸುರಪುರ ಸೀಮೆಯ ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನ ವಚನಗಳು ಬರಲಿರುವ ಕಾಲವನ್ನು, ಅಳಿಯುವ ರಾಜ್ಯಗಳನ್ನು ಬೆಡಗಿನ ಭಾಷೆಯಲ್ಲಿ ಹೇಳುತ್ತವೆ. ಆ ಪರಂಪರೆಯ ಬರಹಗಳು ಅಮರಗನ್ನಡವೆಂಬ ಬೇರೆಯದೇ ಲಿಪಿಯಲ್ಲಿ ಉಳಿದುಬಂದಿವೆ. ಲಿಪಿ ಬಲ್ಲವರಿಗೆ ಮಾತ್ರ ಆ ಓದು ದಕ್ಕುತ್ತದೆ. ಚಲಿಸುವ ಚಿತ್ರಕ್ಕೆ ಇಂಥ ಮರೆ ಇಲ್ಲ. ಬೆಳಕಿನ ಪರದೆಯಲ್ಲಿ ಮೂಡಿದ್ದನ್ನು ಪ್ರೇಕ್ಷಕನು ಕಾಣುವಂತೆ ಪರೀಕ್ಷಕನೂ ಕಾಣುತ್ತಾನೆ.

ಕಂಡನು. ಪ್ರಾಗ್ ನಗರಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ 1968ರ ಆಗಸ್ಟ್‌ನ ಹೊತ್ತಿಗೇ ಈ ಚಿತ್ರವೂ ಪರಿಶೀಲನೆಗೆ ಬಂದಿತ್ತು. ಅದು ನಿಷೇಧಕ್ಕೆ ಒಳಗಾಯಿತು. ನಿರ್ದೇಶಕನನ್ನು ಎರಡು ವರ್ಷ ನೌಕಾದಳದ ಸೇವೆಗೆ ಕಳುಹಿಸಲಾಯಿತು. ರಾಜನ ಚಿನ್ನವು ಹೆಂಚಿನ ಚೂರಾದಾಗ ಮೆಚ್ಚಿದ ಪ್ರಭುತ್ವವೇ ಅಧಿಕಾರಿಯ ಚಿನ್ನವನ್ನು ತೋರಿಸಿದಾಗ ರೀಲುಗಳನ್ನು ಕಪಾಟಿಗೆ ಸೇರಿಸಿತು. ಅವು ಹೊರಬಂದದ್ದು ಗೊರ್ಬಚೇವರ ಆಡಳಿತದ ಕಾಲದಲ್ಲಿ. ಚಿತ್ರದ ಕಲಾನಿರ್ದೇಶಕರಲ್ಲಿ ಒಬ್ಬನಾದ ಎಸ್ಟೋನಿಯಾದ ಯೂಲೊ ಸೋಸ್ಟರ್, 1949ರಲ್ಲಿ ಬಂಧಿತನಾಗಿ 1956ರವರೆಗೆ ಕರಗಂದಾದ ಶ್ರಮಶಿಬಿರದಲ್ಲಿ ಕಳೆದಿದ್ದವನು, 1970ರಲ್ಲಿಯೇ ತೀರಿಕೊಂಡಿದ್ದನು.