ಬೆತ್ತವಿಲ್ಲದ ಶಿಸ್ತಿನ ಇತಿಹಾಸ

ಬೆತ್ತದ ಭಯವಿಲ್ಲದಿದ್ದರೆ ಮಕ್ಕಳಿಗೆ ಶಿಸ್ತು ಬರುವುದಿಲ್ಲವೆಂದು ಅನೇಕ ಪಾಲಕರು ಹೇಳುತ್ತಾರೆ. ಈ ಚರ್ಚೆ ಬಹಳ ಹಳೆಯದು. 1377ರಲ್ಲಿ ‘ಮುಕದ್ದಿಮಾ’ ಬರೆದ ಇತಿಹಾಸಕಾರ ಇಬ್ನ್ ಖಲ್ದೂನ್, ಅತಿಯಾದ ದಂಡನೆಯಿಂದ ಮಗು ಸೋಮಾರಿಯಾಗುತ್ತದೆ, ಸುಳ್ಳು ಹೇಳಲು ಕಲಿಯುತ್ತದೆ ಎಂದು ಎಚ್ಚರಿಸಿದ್ದರು.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ಉತ್ತರ ಸರ್ಕಾರಿ ಶಾಲೆಯ ಶಿಕ್ಷಕರಿಂದಲೇ ಬಂದಿತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿ-ಕಲಿ’ ಆರಂಭಿಸಿದರು. ಪಾಠಗಳನ್ನು ಕಾರ್ಡುಗಳಾಗಿ ವಿಂಗಡಿಸಿ, ಕಲಿಕೆಯ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಲಾಯಿತು. ಮಕ್ಕಳು ಗುಂಪುಗಳಲ್ಲಿ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿತರು. ಕೆಲವು ದಿನ ಶಾಲೆಗೆ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು. ಕೈತುಂಬ ಕೆಲಸವಿರುವ ಮಗುವಿಗೆ ಗಲಾಟೆ ಮಾಡಲು ಪುರಸೊತ್ತೆಲ್ಲಿ? 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕಾಯ್ದೆಯೊಂದರಿಂದಲೇ ತರಗತಿ ಸುಧಾರಿಸುವುದಿಲ್ಲ. ಪಾಲಕರು ಎಸ್.ಡಿ.ಎಂ.ಸಿ. ಸಭೆಗೆ ತಪ್ಪದೆ ಬರಬೇಕು. ‘ಮೇಷ್ಟ್ರೇ, ನಾಲ್ಕು ಬಾರಿಸಿ’ ಎನ್ನುವ ಬದಲು, ಶಾಲೆಗೆ ಸಾಕಷ್ಟು ಶಿಕ್ಷಕರಿದ್ದಾರೆಯೇ, ಕಲಿಕಾ ಸಾಮಗ್ರಿ ಬಂದಿದೆಯೇ ಎಂದು ಕೇಳಬೇಕು.